ಅಟ್ಟದ ಕಾಯಿ, ಟ್ರಿಯೆಸ್ಟೆಯ ಕಡಲು

ಇಟಲಿಯಲ್ಲಿ ಏನು ನೋಡಿದಿರಿ ಎಂದು ಕೇಳಿದವರಿಗೆಲ್ಲ ನಾನು ‘ಒಂದು ಗೋಡೆ’ ಎನ್ನುತ್ತೇನೆ. ನಮ್ಮ ಬೀದಿಯ ಹೆಂಗಸರಿಗೆ ಇದರಿಂದ ಬಹಳ ನಿರಾಸೆಯಾಗಿದೆ. ವಾಲಿದ ಗೋಪುರ ನೋಡಲಿಲ್ಲವೇ, ನೀರಿನ ಮೇಲಿನ ಊರು ನೋಡಲಿಲ್ಲವೇ ಎನ್ನುತ್ತಾರೆ. ನೀರಿನ ಮೇಲಿನ ಊರನ್ನು ವಿಮಾನದ ಕಿಟಕಿಯಿಂದ ನೋಡಿದ್ದು ನಿಜ. ಆದರೆ ಆ ಹೊತ್ತಿಗೆ ಸರಿಯಾಗಿ ನಮ್ಮ ಯಜಮಾನರು ಕನ್ನಡಕ ಬೀಳಿಸಿಕೊಂಡು ಸೀಟಿನ ಕೆಳಗೆ ತಡಕಾಡುತ್ತಿದ್ದರು. ಅರ್ಧ ಊರು ಅದರಲ್ಲೇ ಹೋಯಿತು. ಗೋಡೆಯನ್ನು ಮಾತ್ರ ಸಾವಕಾಶವಾಗಿ ನೋಡಿದೆ. ಅದರ ಕಥೆ ಹೇಳಬೇಕಾದರೆ ನಮ್ಮ ಮನೆಯ ಅಟ್ಟದಿಂದ ಶುರು ಮಾಡಬೇಕು.

ತಿಪಟೂರು

ನಮ್ಮ ಕಡೆ ಕೊಬ್ಬರಿ ಹೇಗಾಗುತ್ತದೆಂದು ಬೇರೆ ಸೀಮೆಯ ಓದುಗರಿಗೆ ಒಂದು ಮಾತು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಟ್ಟುಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಕರಟದಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಯಿತೋ ಇಲ್ಲವೋ ಎಂದು ಒಡೆದು ನೋಡುವ ಹಾಗಿಲ್ಲ. ಆಗದೇ ಇರುವುದನ್ನು ಒಡೆದರೆ ಕೆಟ್ಟಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿನ ಸದ್ದು ಬಂದರೆ ಇನ್ನೂ ಆಗಿಲ್ಲ. ಉಂಡೆ ಗಡಗಡ ಎಂದರೆ ಆಯಿತು.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಪ್ರತಿ ಕಾಯಿಯನ್ನೂ ತಾವು ಅಲ್ಲಾಡಿಸಿ ಆಮೇಲೆ ನನ್ನ ಕೈಗೆ ಕೊಡುತ್ತಿದ್ದರು.

“ನೀನೂ ಒಂದ್ಸಲಿ ಕೇಳವ್ವ.”

“ನೀವು ಕೇಳಿದ್ರಲ್ಲ ಅತ್ತೆ.”

“ಆಗ್ಲಿ ಅಂತ ನಂಗೆ ಆಸೆ ಐತಲ್ಲೇ. ಆಸೆ ಇದ್ದೋಳ ಕಿವೀಗೆ ಅರ್ಧ ಅಟ್ಟ ಆಗೈತೆ ಅಂತ್ಲೇ ಕೇಳುಸ್ತದೆ. ಇನ್ನೊಂದು ಕಿವಿ ಬೇಕು ಕಣೇ.”

ನಮ್ಮ ಯಜಮಾನರು ಇಲ್ಲಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಸಂಜೆ ಬಂದು ಕಾಫಿ ಕುಡಿದು ಅಟ್ಟದ ಏಣಿಯ ಪಕ್ಕದ ಮೇಜಿಗೆ ಕೂತರೆ ಗುರುತ್ವಾಕರ್ಷಣೆಯ ಲೆಕ್ಕ. ಮಗಳ ಬಾಣಂತನದ ಗದ್ದಲದಲ್ಲೂ ಅದೇ, ಕರೆಂಟು ಹೋದರೆ ಲಾಟೀನಿನಲ್ಲೂ ಅದೇ. ಕಾನ್ವೆಂಟಿನಲ್ಲಿ ನನಗೆ ಇಂಗ್ಲಿಷು, ಕಸೂತಿ, ಶುದ್ಧ ಬರವಣಿಗೆ ಬಂದವೇ ಹೊರತು ಲೆಕ್ಕ ಬರಲಿಲ್ಲ. ಆದರೂ ಒಂದು ದಿನ ಏನು ಲೆಕ್ಕ ಅದು ಎಂದು ಕೇಳಿದೆ. ಆಗ ಒಲೆಯ ಮೇಲೆ ಹಾಲಿತ್ತು.

“ಈ ಹಾಲೇ ಅನ್ಕೋ ವಿಮಲಾ. ತೋಟದಲ್ಲಿ ಕಾಯಿ ಬೀಳೋದು, ಚಂದ್ರ ಸುತ್ತೋದು, ಇಷ್ಟಕ್ಕೆಲ್ಲ ಗುರುತ್ವದ ಲೆಕ್ಕ ಚೆನ್ನಾಗೇ ಬರ್ತದೆ. ಉರಿ ಜಾಸ್ತಿ ಮಾಡ್ತಾ ಹೋಗು. ಅಂದ್ರೆ ಶಕ್ತಿ ಏರಿಸ್ತಾ, ಇನ್ನೂ ಇನ್ನೂ ಸಣ್ಣ ಜಾಗಕ್ಕೆ ಇಣುಕ್ತಾ ಹೋಗು. ಲೆಕ್ಕ ಉಕ್ಕಿ ಒಲೆ ಮೇಲೆ ಬೀಳ್ತದೆ. ಉತ್ತರ ಅನಂತ ಅಂತ ಬರ್ತದೆ. ಅದಕ್ಕೇ ಸುಮಾರು ಜನ ಈ ಪಾತ್ರೆನೇ ಬ್ಯಾಡ ಅಂತ ಬೇರೆ ಪಾತ್ರೆ ಹುಡುಕ್ಕಂಡ್ ಹೋದ್ರು.”

“ನೀವು?”

“ನಾನು ಇಲ್ಲೇ ಕೂತಿದೀನಿ. ಗುರುತ್ವದ ಬಲ ಅನ್ನೋ ಅಂಕಿ ಇದ್ಯಲ್ಲ, ಅದೇ ಶಕ್ತಿ ಏರಿದ ಹಾಗೆಲ್ಲ ಬದಲಾಗ್ತದೆ. ಬದಲಾಗ್ತಾ ಬದಲಾಗ್ತಾ ಒಂದ್ ಕಡೆ ಬಂದು ನಿಂತ್ಬಿಟ್ರೆ? ಆಮೇಲೆ ಎಷ್ಟ್ ಉರಿ ಹಾಕಿದ್ರೂ ಅಷ್ಟೇ, ಉಕ್ಕೋದೇ ಇಲ್ಲ.”

“ನಿಲ್ಲುತ್ತಾ ಇಲ್ವಾ ಅಂತ ಹೋಗಿ ನೋಡಿದ್ರಾಯ್ತಪ್ಪ.”

“ಅಷ್ಟು ಶಕ್ತಿಯ ಯಂತ್ರ ಭೂಮಿ ಮೇಲೆ ಯಾರ್ ಕೈಲೂ ಕಟ್ಟಕ್ಕಾಗಲ್ಲ ಕಣೇ. ಈಚೆ ಕಡೆಯಿಂದ್ಲೇ ಕೇಳಿಸ್ಕೋಬೇಕು.”

ಅಷ್ಟರಲ್ಲಿ ಹಾಲು ಉಕ್ಕಿತು.

ಅವರ ಲೆಕ್ಕದಲ್ಲಿ ಅಂಕಿ ನಿಂತಿತ್ತು. ಎಷ್ಟೋ ವರ್ಷಗಳ ಹಿಂದೆಯೇ ನಿಂತಿತ್ತು. ಪತ್ರಿಕೆಗೆ ಕಳಿಸಿ ಎಂದರೆ “ಇನ್ನೂ ಆಗಿಲ್ಲ, ಅಟ್ಟದ ಮೇಲಿರ್ಲಿ ಬುಡು” ಎನ್ನುವರು. ನಿಜವಾಗಿಯೂ ಹಾಳೆಗಳನ್ನು ಹಳೆಯ ಪಂಚೆಯಲ್ಲಿ ಕಟ್ಟಿ ಅಟ್ಟದಲ್ಲಿ ಕಾಯಿಗಳ ಪಕ್ಕ ಇಟ್ಟಿದ್ದರು. ಆಗದಿರುವುದನ್ನು ಇಳಿಸಬಾರದೆಂಬುದು ನಮ್ಮ ಕಡೆ ರಕ್ತದಲ್ಲೇ ಇದೆ. ತೋರಿಸಿ ಕೇಳೋಣವೆಂದರೆ ಸುತ್ತಲಿನ ಯಾವ ಊರಲ್ಲೂ ಆ ಲೆಕ್ಕ ಓದುವವರಿರಲಿಲ್ಲ. ಹೊರಗಿನ ಪತ್ರಿಕೆಗಳು ಕಾಲೇಜಿಗೆ ಬರುವುದು ನಿಂತು ಬಹಳ ಕಾಲವಾಗಿತ್ತು. ಬಸ್ ಸ್ಟಾಂಡಿನ ಹತ್ತಿರ ಇಂಟರ್ನೆಟ್ ಅಂಗಡಿ ಬಂದಿತ್ತಾದರೂ ಅಲ್ಲಿ ಹುಡುಗರ ನೂಕುನುಗ್ಗಲು.

ಹೀಗಿರುವಾಗ ನಮ್ಮಂಥ ದೇಶಗಳ ಮೇಷ್ಟ್ರುಗಳನ್ನು ಕರೆಸಿಕೊಳ್ಳುವ ಸಭೆಯೊಂದು ಇಟಲಿಯ ಟ್ರಿಯೆಸ್ಟೆಯಲ್ಲಿದೆ ಎಂದು ಹಳೆಯ ಶಿಷ್ಯರೊಬ್ಬರು ತಿಳಿಸಿದರು. ಇವರು ಬಹಳ ಅನುಮಾನಿಸಿ ಒಂದೇ ಒಂದು ಪುಟ ಬರೆದು ಕಳಿಸಿದರು. ಬನ್ನಿ, ಮಾತಾಡಿ ಎಂದು ಉತ್ತರ ಬಂತು. ಅತ್ತೆ, “ಅವನೊಬ್ಬನ್ನೇ ಕಳಿಸಬ್ಯಾಡ, ದಾರೀಲಿ ತನ್ನೇ ಮರ್ತು ಬರ್ತಾನೆ” ಎಂದು ನನ್ನನ್ನೂ ಹೊರಡಿಸಿದರು. ಟೈಲರ್ ರಹಮತ್ ಸಾಬರು “ಮಂಜು ಬೀಳೋ ಮುಲ್ಕು ಸಾರ್, ಅಸ್ತರು ದಪ್ಪ ಇರ್ಲಿ” ಎಂದು ಕಂಬಳಿಯಂಥ ಕೋಟು ಹೊಲಿದುಕೊಟ್ಟರು. ಹೊರಡುವ ದಿನ ಅತ್ತೆ ಅಟ್ಟದಿಂದ ಒಂದು ಕಾಯಿ ಇಳಿಸಿ, ಸಿಪ್ಪೆ ಸುಲಿಸಿ, ಅಲ್ಲಾಡಿಸಿ, ನನಗೂ ಕೇಳಿಸಿ, ಚೀಲಕ್ಕೆ ಹಾಕಿದರು. “ಇಳ್ಕೊಳ್ಳೋ ಮನೆಗೆ ಬರಿಗೈಲಿ ಹೋಗಬ್ಯಾಡಿ.”

ವೆನಿಸ್ ವಿಮಾನ ನಿಲ್ದಾಣ

ಚೀಲ ಯಂತ್ರದೊಳಗೆ ಹೋಗಿ ಹಿಂದಕ್ಕೆ ಬಂತು, ಮತ್ತೆ ಹೋಯಿತು, ಮತ್ತೆ ಬಂತು. ಸಮವಸ್ತ್ರದ ಯುವಕನೊಬ್ಬ ಕಾಯಿಯನ್ನು ಹೊರತೆಗೆದು ಎರಡೂ ಕೈಯಲ್ಲಿ ಹಿಡಿದ. ಅದು ಗಡಗಡ ಎಂದಿತು. ಅವನು ಅದನ್ನು ಮೇಜಿನ ಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ ಇಟ್ಟ.

“ಒಳಗೇನಿದೆ?”

“ಕೊಬ್ಬರಿ” ಎಂದೆ.

“ಒಡೆದು ತೋರಿಸಿ.”

ಆಗ ನಮ್ಮ ಯಜಮಾನರು ಮುಂದೆ ಬಂದು, ತರಗತಿಯಲ್ಲಿ ಹೇಳುವ ಹಾಗೆ, ನೀರು ಇಂಗುವುದರಿಂದ ಹಿಡಿದು ಉಂಡೆ ಬಿಡುವವರೆಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಹಿಂದೆ ಸಾಲು ಬೆಳೆಯಿತು. ಕೊನೆಗೆ ಅವನಿಗಿಂತ ಹಿರಿಯನೊಬ್ಬ ಬಂದು ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ. ಮುಖ ಅರಳಿತು. ಯುವಕನಿಗೆ ಕೊಟ್ಟ, ಅವನೂ ಅಲ್ಲಾಡಿಸಿದ. ಆಚೆ ಮೇಜಿನ ಹುಡುಗಿಯನ್ನೂ ಕರೆದರು. ದೇಶ ಬದಲಾದರೂ ಕೈ ತಾನಾಗಿ ಕಿವಿಯ ಕಡೆಗೇ ಹೋಗುತ್ತದೆ ಎಂದು ನನಗೆ ಸಮಾಧಾನವಾಯಿತು. ಕಾಯಿ ನಮ್ಮ ಜೊತೆಗೇ ರೈಲು ಹತ್ತಿತು.

ನೀವೆಸ್ ಅವರ ಮನೆ

ಟ್ರಿಯೆಸ್ಟೆ ಸಮೀಪಿಸುತ್ತಿದ್ದಂತೆ ರೈಲಿನ ಬಲಗಡೆ ಒಮ್ಮೆಲೇ ಕಡಲು ತೆರೆದುಕೊಳ್ಳುತ್ತದೆ. ನಿಲ್ದಾಣದಲ್ಲಿ ಇಳಿದಾಗ ಸುಡುಬಿಸಿಲು. ರಹಮತ್ ಸಾಬರ ಕೋಟಿನೊಳಗೆ ಇವರು ಬೆವೆತು ಬಿಸಿನೀರ ಹಂಡೆಯಂತಾಗಿದ್ದರು. ಕೈಯಲ್ಲಿ ಹೊತ್ತರೆ ಸುಕ್ಕಾಗುತ್ತದೆಂದು ಬಿಚ್ಚಲೂ ಒಲ್ಲರು.

ಸಭೆಯವರು ನಮಗೆ ವಸತಿ ಮಾಡಿದ್ದು ನೀವೆಸ್ ಎಂಬ ವಿಧವೆಯ ಮನೆಯ ಮಹಡಿ ಕೋಣೆಯಲ್ಲಿ. ಆಕೆ ಹುಡುಗಿಯಾಗಿದ್ದಾಗ, ಯುದ್ಧ ಮುಗಿದ ಹೊಸದರಲ್ಲಿ, ಆ ಊರಿನಲ್ಲಿ ಇಂಗ್ಲಿಷ್ ಸಿಪಾಯಿಗಳಿದ್ದರಂತೆ. ಅವರ ಅಡಿಗೆಮನೆಯಲ್ಲಿ ಕೆಲಸ ಮಾಡಿ ಕಲಿತ ಇಂಗ್ಲಿಷು. ಅದರಲ್ಲಿ ಅಡಿಗೆ ಮತ್ತು ಬೈಗುಳ ಎರಡೂ ನಿರರ್ಗಳ. ಯೂರೋ ನಾಣ್ಯ ಬಂದು ಕೆಲವೇ ತಿಂಗಳಾಗಿತ್ತು. ಆಕೆ ಅದನ್ನು ಮಕ್ಕಳ ಆಟದ ದುಡ್ಡು ಎಂದು ಕರೆದು ಇನ್ನೂ ಲಿರಾದಲ್ಲೇ ಮಾತಾಡುತ್ತಿದ್ದರು. ಕಾಫಿಯನ್ನು ಮಗುವಿಗೆ ಹಾಲು ಕುಡಿಸುವ ಒಳಲೆಯಷ್ಟು ಲೋಟದಲ್ಲಿ ಕೊಟ್ಟರು. ರುಚಿ ನೋಡೋಣವೆಂದು ಒಂದು ಗುಟುಕು ಕುಡಿದು ಕೆಳಗಿಟ್ಟೆ, ಅಷ್ಟಕ್ಕೇ ಮುಗಿದಿತ್ತು.

ನಾವು ಮಾಂಸ ತಿನ್ನುವುದಿಲ್ಲ ಎಂದೆ. ಆಕೆ ಎದೆಯ ಮೇಲೆ ಕೈಯಿಟ್ಟು ಅರ್ಥವಾಯಿತೆಂದರು. ಅಂದಿನ ಊಟಕ್ಕೆ ಶಾವಿಗೆಯಂಥದ್ದರ ಮೇಲೆ ಸಣ್ಣ ಸಣ್ಣ ಮೀನು ಬಂತು. ಕಾನ್ವೆಂಟಿನಲ್ಲಿ ಶುಕ್ರವಾರ ನಮ್ಮ ಸಿಸ್ಟರ್‌ಗಳೂ ಮಾಂಸ ಬಿಟ್ಟು ಮೀನು ತಿನ್ನುತ್ತಿದ್ದದ್ದು ನೆನಪಾಗಿ, ಆಕೆ ಪ್ರೀತಿಯಿಂದಲೇ ಮಾಡಿದ್ದಾರೆಂದು ತಿಳಿಯಿತು. ಬ್ರೆಡ್ಡು, ಟೊಮೆಟೊ ತಿಂದೆವು. ಕಾಯಿಯನ್ನು ಕೈಗೆ ಕೊಟ್ಟಾಗ ಆಕೆ ಮಾತ್ರ ಏನೂ ಕೇಳಲಿಲ್ಲ. ಅಲ್ಲಾಡಿಸಿದರು, ನಕ್ಕರು, ಅಡಿಗೆಮನೆಯ ಕಿಟಕಿಯ ಕಟ್ಟೆಯಲ್ಲಿ ತುಳಸಿಯ ಜಾತಿಯ ಗಿಡದ ಪಕ್ಕ ಇಟ್ಟರು. ದಿನಾ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಒಮ್ಮೆ ಅಲ್ಲಾಡಿಸುವುದು ಅಂದಿನಿಂದ ಅಭ್ಯಾಸವಾಯಿತು.

ಉಪನ್ಯಾಸದ ಕೋಣೆ

ಇವರ ಹೆಸರು ಡಿ. ಶಿವಲಿಂಗಯ್ಯ. (ಬರೆಯಬಹುದು, ಬಾಯಲ್ಲಿ ಹೇಳುವುದಿಲ್ಲ.) ಅರ್ಜಿಯಲ್ಲಿ ಮನೆತನದ ಹೆಸರು ಬರೆಯಿರಿ ಎಂದಿತ್ತು. ನಮಗೆಲ್ಲಿಯ ಮನೆತನದ ಹೆಸರು? ಇನಿಷಿಯಲ್ಲನ್ನೇ ಬಿಡಿಸಿ ದಬ್ಬೇಘಟ್ಟ ಎಂದು ತುರುವೇಕೆರೆ ತಾಲ್ಲೂಕಿನ ತಮ್ಮ ಊರನ್ನು ಬರೆದುಬಿಟ್ಟಿದ್ದರು. ಹಾಗಾಗಿ ಕೊರಳಿಗೆ ಹಾಕಿಕೊಟ್ಟ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಊರೇ ಇತ್ತು. ಎಲ್ಲರೂ “ಗುಡ್ ಮಾರ್ನಿಂಗ್ ಡಾಕ್ಟರ್ ದಬ್ಬೆಗಾತ್ತಾ” ಎಂದರು. ಮೊದಲ ಸಲ ಇವರು ಹಿಂದಕ್ಕೆ ತಿರುಗಿ ನೋಡಿದರು, ಊರಿನಿಂದ ಯಾರಾದರೂ ಬಂದಿದ್ದಾರೇನೋ ಎನ್ನುವ ಹಾಗೆ.

ಜೊತೆಗೆ ಬಂದ ಹೆಂಡತಿಯರು ಕೊನೆಯ ಸಾಲಿನಲ್ಲಿ ಕೂರಬಹುದಿತ್ತು. ನಾನು ಕ್ರೋಷಾ ಹೆಣೆಯುತ್ತ ಕೂತೆ. ಮೊದಲ ದಿನ ಮಾತಾಡಿದ್ದು ಮಾರ್ತಾ ಎಂಬ ಪೋಲೆಂಡಿನ ಹುಡುಗಿ. ಮೂವತ್ತರ ಒಳಗಿನವಳು, ಕತ್ತರಿಸಿದ ಕೂದಲು, ಬೆರಳ ತುದಿಯಲ್ಲಿ ಸೀಮೆಸುಣ್ಣ. ಹಲಗೆಯ ಮೇಲೆ ಒಂದು ಗೆರೆ ಎಳೆದಳು. ಏರುತ್ತ ಏರುತ್ತ ಹೋಗಿ ಅದು ಒಂದು ಚುಕ್ಕೆಗೆ ಸುತ್ತಿಕೊಂಡು ನಿಂತಿತು. ಆ ಚಿತ್ರ ನನಗೆ ಗೊತ್ತಿತ್ತು. ನಮ್ಮ ಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ, ದೋಬಿ ಲೆಕ್ಕದ ಚೀಟಿಯಲ್ಲಿ, ಮದುವೆಯ ಕರೆಯೋಲೆಯ ಮೇಲೆ ಎಷ್ಟು ಸಲ ನೋಡಿಲ್ಲ! ಇವರ ಕಡೆ ನೋಡಿದೆ. ಕೈಯಲ್ಲಿನ ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತ್ತು, ಅದರ ಕೆಳಗೆ ಮಸಿಯ ಕಲೆ ದೊಡ್ಡದಾಗುತ್ತಿತ್ತು.

ಅವಳು ಅದನ್ನು ಎರಡು ವರ್ಷಗಳ ಹಿಂದೆಯೇ ಅಚ್ಚು ಹಾಕಿಸಿದ್ದಳು. ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನಮ್ಮವರಿಗೆ ಗೊತ್ತಿರಲಿಲ್ಲ.

ಇವರು ಬಸ್ಸಿನಿಂದ ಇಳಿದವರೇ ಸರಸರ ಮಹಡಿ ಹತ್ತಿದರು. ಕೋಣೆಗೆ ಬಂದು ಕೋಟು ಬಿಚ್ಚಿ ಮಡಿಸಿ, ಮಡಿಸಿದ್ದನ್ನು ಬಿಡಿಸಿ ಮತ್ತೆ ಮಡಿಸಿದರು.

“ನನ್ ಮಾತು ನಾಡಿದ್ದು ಐತೆ. ಹೆಸರು ತೆಗೆಸಿಬಿಡ್ತೀನಿ ಕಣೇ.”

“ಯಾಕ್ರೀ?”

“ಹೇಳಾಗಿರೋದನ್ನ ಹೇಳಕ್ಕೆ ಅಷ್ಟು ದೂರದಿಂದ ಬಂದೆ ಅಂತ ನಗಲ್ವಾ? ಅವಳ್ದನ್ನ ನೋಡ್ಕಂಡು ಬರ್ದ ಅಂತ್ಲೂ ಅನ್ಬೋದು.”

“ನೀವು ಮಾಡಿ ಎಷ್ಟೋ ವರ್ಷ ಆಯ್ತಲ್ಲ.”

“ಅಟ್ಟದ ಮೇಲಿದ್ರೆ ಯಾರಿಗ್ ಗೊತ್ತು?”

ಇವರಿಗೆ ಸಿಟ್ಟು ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಸಿಟ್ಟು ಬಂದಿರಲಿಲ್ಲ. ಬಸ್ಸು ತಪ್ಪಿದ ಮೇಲೂ ಸ್ಟಾಂಡಿನಲ್ಲಿ ಕೂತೇ ಇರುವವರ ಮುಖವಿತ್ತು.

ಗೋಡೆಯ ಈಚೆ

ಮರುದಿನ ಮಧ್ಯಾಹ್ನ ಸಭೆಗೆ ಬಿಡುವು. ಇವರು ಸಂಜೆ ಕಚೇರಿ ಮುಚ್ಚುವುದರೊಳಗೆ ಹೋಗಿ ಹೆಸರು ತೆಗೆಸುವುದೆಂದು ನಿಶ್ಚಯವಾಗಿತ್ತು. ನೀವೆಸ್ ಇವರ ಮುಖ ನೋಡಿ, “ನಿನ್ನ ಗಂಡನಿಗೆ ಔಷಧಿ ಬೇಡ, ಉಪ್ಪುನೀರು ಬೇಕು” ಎಂದು ಇಬ್ಬರನ್ನೂ ಕಡಲ ಸ್ನಾನಕ್ಕೆ ಹೊರಡಿಸಿದರು. ನಾನು ಸೀರೆಯ ಸೆರಗು ಹೊದ್ದು ಬಾಗಿಲಲ್ಲೇ ನಿಂತೆ. ಅಂಥ ಜಾಗಕ್ಕೆ ನಾನು ಹೇಗೆ ಬರಲಿ? ಆಕೆ ನಕ್ಕರು. “ಅಲ್ಲಿ ಗೋಡೆ ಇದೆ.”

ನಿಜವಾಗಿಯೂ ಇತ್ತು. ಗುಂಡುಗಲ್ಲಿನ ತೀರವನ್ನು ಸೀಳಿಕೊಂಡು ಆಳೆತ್ತರ ಮೀರಿದ ಬಿಳಿ ಗೋಡೆ. ಆಚೆ ಗಂಡಸರು, ಈಚೆ ಹೆಂಗಸರು ಮತ್ತು ಮಕ್ಕಳು. ಅಜ್ಜಿಯರ ಕಾಲದಿಂದಲೂ ಹೀಗೇ ಇದೆಯಂತೆ, ಕೆಡವುತ್ತೇವೆ ಎಂದರೆ ಹೆಂಗಸರೇ ಬಿಡುವುದಿಲ್ಲವಂತೆ. ನನಗೆ ನಮ್ಮ ಬಸ್ಸಿನ ಮುಂದಿನ ಸೀಟುಗಳು, ಮದುವೆಮನೆಯ ಹೆಂಗಸರ ಚಾಪೆ ಎಲ್ಲ ನೆನಪಾಗಿ ಧೈರ್ಯ ಬಂತು. ಒಳಗೆ ಹೋದ ಮೇಲೆ ಆ ಧೈರ್ಯ ಅರ್ಧ ಇಳಿಯಿತು. ಗಂಡಸರಿಲ್ಲವೆಂಬ ನೆಮ್ಮದಿಯಲ್ಲಿ ಅಲ್ಲಿಯ ಅಜ್ಜಿಯರು ಬಟ್ಟೆಯ ಗೊಡವೆಯನ್ನೇ ಬಿಟ್ಟು ಇಸ್ಪೀಟು ಆಡುತ್ತಿದ್ದರು. ಉಪ್ಪಿನಕಾಯಿ ಬಿಸಿಲಿಗಿಟ್ಟ ಹಾಗೆ ಹಾಯಾಗಿ ಹರಡಿಕೊಂಡಿದ್ದರು. ನಾನು ಕಡಲನ್ನೇ ನೋಡುತ್ತ ಕಾಲು ನೀರಿಗಿಟ್ಟು ಕೂತೆ. ಗೋಡೆಯ ಮೇಲಿಂದ ಮಾತು ಹಾರಾಡುತ್ತಿತ್ತು. “ಮಾರಿಯೋ, ಬೀಗದ ಕೈ ಎಲ್ಲಿ?” ಎಂದು ಈಚೆಯಿಂದ, “ನಿನ್ನ ಚೀಲದಲ್ಲೇ ಇದೆ” ಎಂದು ಆಚೆಯಿಂದ. ನೀವೆಸ್ ತರ್ಜುಮೆ ಮಾಡುತ್ತಿದ್ದರು. ನಮ್ಮ ಹಿತ್ತಿಲಿನ ಗೋಡೆಯೇ ಸೈ.

“ನೀವು ಡಾಕ್ಟರ್ ದಬ್ಬೆಗಾತ್ತಾ ಅವರ ಜೊತೆ ಬಂದವರಲ್ಲವೇ?”

ತಿರುಗಿ ನೋಡಿದರೆ ಮಾರ್ತಾ. ಒದ್ದೆ ತಲೆ, ಟವೆಲ್ಲು ಸುತ್ತಿಕೊಂಡಿದ್ದಳು. ಊರಿಗೆಲ್ಲ ಒಂದೇ ಸೀರೆ, ಗುರುತು ಹಿಡಿಯುವುದು ಕಷ್ಟವಿರಲಿಲ್ಲ. ಪಕ್ಕದಲ್ಲಿ ಕೂತಳು.

“ಅವರಿಗೆ ನನ್ನ ಮೇಲೆ ಬೇಸರವೇ? ನಿನ್ನೆಯಿಂದ ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾರೆ. ಅವರ ಮಾತಿಗಾಗಿ ನಾನು ಎಷ್ಟು ಕಾದಿದ್ದೇನೆ ಗೊತ್ತೇ?”

ನನಗೆ ಸುಳ್ಳು ಹೇಳಲು ಬರಲಿಲ್ಲ. “ಅವರು ನಾಳೆ ಮಾತಾಡುವುದಿಲ್ಲ ಎನ್ನುತ್ತಿದ್ದಾರೆ. ನೀವು ಮೊದಲೇ ಹೇಳಿಬಿಟ್ಟಿರಲ್ಲ.”

“ಹೇಳಿದೆ” ಎಂದಳು. “ಯಾರೂ ನಂಬಲಿಲ್ಲ.”

ಆಮೇಲೆ ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಅಷ್ಟು ದೊಡ್ಡ ಲೆಕ್ಕವನ್ನು ಪೂರ್ತಿ ಮಾಡಲು ಯಾರಿಂದಲೂ ಆಗುವುದಿಲ್ಲವಂತೆ. ಮುಖ್ಯವೆನಿಸಿದ ಕೆಲವು ಭಾಗ ಉಳಿಸಿಕೊಂಡು ಮಿಕ್ಕಿದ್ದನ್ನು ಕತ್ತರಿಸಿ ಹಾಕಬೇಕು. ಅವಳ ಲೆಕ್ಕದಲ್ಲಿ ಅಂಕಿ ನಿಲ್ಲುತ್ತದೆ. ಆದರೆ ದೊಡ್ಡವರು, ‘ಅದು ಗುರುತ್ವದ ನಿಲುಗಡೆಯಲ್ಲ, ನಿನ್ನ ಕತ್ತರಿಯ ಗುಣ’ ಎನ್ನುತ್ತಾರೆ. ಅವಳು ಎಷ್ಟು ಸಲ ಮಾಡಿ ತೋರಿಸಿದರೂ ಕತ್ತರಿ ಅವಳದೇ. ಸಭೆಗೆ ಬಂದ ಅರ್ಜಿಗಳನ್ನು ಆರಿಸುವವರ ಪೈಕಿ ಅವಳೂ ಇದ್ದಳು. ಇವರು ಕಳಿಸಿದ ಒಂದು ಪುಟ ನೋಡಿದರೆ ಕತ್ತರಿಸಿದ ರೀತಿಯೇ ಬೇರೆ, ಆದರೂ ಅಂಕಿ ನಿಂತಿತ್ತು. ಹಠ ಮಾಡಿ ಕರೆಸಿದವಳು ಅವಳೇ.

“ಈ ವರ್ಷ ಯಾರೂ ಜೊತೆಗೆ ನಿಲ್ಲದಿದ್ದರೆ ನಾನು ಬೇರೆ ಕೆಲಸ ಹುಡುಕಬೇಕು” ಎಂದಳು. ಕಾಲಬೆರಳಿನಿಂದ ಕಲ್ಲುಗಳನ್ನು ಸರಿಸುತ್ತಿದ್ದಳು. ನನ್ನ ಮಗಳೂ ಪರೀಕ್ಷೆಯ ಫಲಿತಾಂಶದ ದಿನ ಹೀಗೇ ನೆಲ ಕೆರೆಯುತ್ತಿದ್ದಳು.

ಕಚೇರಿ ಮುಚ್ಚುವ ಹೊತ್ತು ಹತ್ತಿರವಾಗಿತ್ತು. ಎದ್ದು ಗೋಡೆಯ ಬುಡಕ್ಕೆ ಹೋಗಿ “ರೀ” ಎಂದೆ. ಅಲೆ ನುಂಗಿತು. “ರೀ, ಇಲ್ಲಿ ಕೇಳಿ” ಎಂದೆ. ಆಚೆ ಯಾರೋ ಸೀಟಿ ಹೊಡೆಯುತ್ತಿದ್ದರು.

“ಹೆಸರು ಹಿಡಿದು ಕೂಗು” ಎಂದರು ನೀವೆಸ್.

“ನಾವು ಗಂಡನ ಹೆಸರು ಹೇಳುವುದಿಲ್ಲ.”

ಆಕೆ ಅದನ್ನು ಇಸ್ಪೀಟಿನ ಅಜ್ಜಿಯರಿಗೆ ಹೇಳಿದರು. ಆಟ ನಿಂತುಹೋಯಿತು. ಒಬ್ಬಾಕೆ ಕೇಳಿದರು, “ಸಿಟ್ಟು ಬಂದಾಗಲೂ ಹೇಳುವುದಿಲ್ಲವೇ?”

“ಸಿಟ್ಟು ಬಂದಾಗ ಮಾತೇ ಆಡುವುದಿಲ್ಲ” ಎಂದೆ. ಅಜ್ಜಿಯರಿಗೆ ಇದು ಬಹಳ ಹಿಡಿಸಿತು.

ಅಷ್ಟರಲ್ಲಿ ಕೊರಳಿನ ಚೀಟಿ ನೆನಪಾಯಿತು. ಅದರಲ್ಲಿರುವುದು ಇವರ ಹೆಸರಲ್ಲವಲ್ಲ, ಊರಿನದು. ಊರಿನ ಹೆಸರು ಕೂಗಲು ಯಾವ ಅಡ್ಡಿ? ಕಾನ್ವೆಂಟಿನಲ್ಲಿ ಹೆಣ್ಣುಮಕ್ಕಳು ದನಿ ಎತ್ತಬಾರದೆಂದು ಕಲಿಸಿದ್ದ ಸಿಸ್ಟರನ್ನು ಮನಸ್ಸಿನಲ್ಲೇ ನೆನೆದು, ಕ್ಷಮೆ ಕೇಳಿ, ಎರಡೂ ಕೈ ಬಾಯಿಗಿಟ್ಟು ಕೂಗಿದೆ.

“ದಬ್ಬೇಘಟ್ಟಾ…!”

ಅಜ್ಜಿಯರು ದನಿಗೂಡಿಸಿದರು. ಆಚೆಯ ಗಂಡಸರು ಅದನ್ನು ಬಾಯಿಂದ ಬಾಯಿಗೆ ದಾಟಿಸಿದರು. “ದಬ್ಬೆಗಾತ್ತಾ! ದಬ್ಬೆಗಾತ್ತಾ!” ಕೊನೆಗೆ ದೂರದಿಂದ ಪರಿಚಿತ ದನಿ.

“ಯಾರದು? ವಿಮಲಾನಾ? ಊರ್ ಹೆಸರ್ಯಾಕೆ ಕೂಗ್ತಿದೀಯಾ, ಏನಾಯ್ತು?”

“ಏನೂ ಆಗಿಲ್ಲ. ಹೊರಟ್ರಾ?”

“ಷೂ ಹಾಕ್ಕತಾ ಇದೀನಿ.”

“ಬಿಚ್ಚಿ. ಮಾರ್ತಾ ಇಲ್ಲೇ ನನ್ನ ಪಕ್ಕದಲ್ಲಿದಾಳೆ.”

ಆಚೆ ಒಂದು ಷೂ ಕಲ್ಲಿನ ಮೇಲೆ ಬಿದ್ದ ಸದ್ದು.

“ಕೇಳಿಸ್ತಾ ಇದ್ಯಾ? ಅವಳ ಕಾಯಿನ ಯಾರೂ ಕೇಳಿಸ್ಕೊಂಡಿಲ್ವಂತೆ ರೀ. ಎರಡು ವರ್ಷದಿಂದ ಒಬ್ಬಳೇ ಅಲ್ಲಾಡಿಸ್ತಾ ಕೂತಿದಾಳೆ. ನಿಮ್ಮನ್ನ ಕರೆಸಿದ್ದೇ ಅವಳು. ಇನ್ನೊಂದು ಕಿವಿ ಬೇಕಂತೆ.”

“ಅವ್ಳು ಹಂಗಂದ್ಲಾ?”

“ಮಾತು ಅತ್ತೇದು. ಸಂಗತಿ ಅವಳದು.”

ದನಿ ಗೋಡೆಯ ಹತ್ತಿರಕ್ಕೆ ಬಂತು. “ಯಾವ್ ಭಾಗ ಕತ್ತರಿಸಿದಾಳೆ ಅಂತ ಕೇಳು” ಎಂದರು.

ಕೇಳಿದೆ. ಅವಳು ಹೇಳಿದಳು. ನನಗೆ ತಿಳಿಯದ ಇಂಗ್ಲಿಷನ್ನು ತಿಳಿಯದ ಕನ್ನಡದಲ್ಲಿ ಗೋಡೆಯಾಚೆ ಎಸೆದೆ. ಆಚೆಯಿಂದ “ಹಂಗಲ್ಲ ಕಣೇ, ಸರಿಯಾಗ್ ಕೇಳು” ಎಂದು ಬಂತು. ಮೂರನೆಯ ಸಲಕ್ಕೆ ಮಾರ್ತಾ ತಡೆಯಲಾರದೆ ಎದ್ದು ನೀರಿಗಿಳಿದಳು. ಆ ಗೋಡೆ ನೀರಿನೊಳಗೆ ಸ್ವಲ್ಪ ದೂರ ಹೋಗಿ ನಿಂತುಬಿಡುತ್ತದೆ. ಅದರಾಚೆ ಬರೀ ಕಡಲು. ಇವರೂ ಪ್ಯಾಂಟು ಮಡಿಚಿಕೊಂಡು ಆಚೆಯಿಂದ ಬಂದರು. ಗೋಡೆಯ ತುದಿಯಲ್ಲಿ, ಮೊಣಕಾಲುದ್ದದ ನೀರಿನಲ್ಲಿ, ಟವೆಲ್ಲು ಸುತ್ತಿದ ಹುಡುಗಿ ಮತ್ತು ಶರ್ಟಿನ ಗುಂಡಿ ಕೊರಳವರೆಗೆ ಹಾಕಿದ ನಮ್ಮ ಮೇಷ್ಟ್ರು. ಒದ್ದೆ ಬೆರಳಿನಿಂದ ಬಿಳಿ ಗೋಡೆಯ ಮೇಲೆ ಬರೆಯುವುದು, ಬಿಸಿಲಿಗೆ ಅದು ಆರಿಹೋಗುವುದು, ಮತ್ತೆ ಬರೆಯುವುದು. ಕಚೇರಿ ಮುಚ್ಚಿದ್ದು ಇಬ್ಬರಿಗೂ ತಿಳಿಯಲಿಲ್ಲ. ಅಜ್ಜಿಯರು ಆಟ ಮುಂದುವರಿಸಿದರು.

ಕಪ್ಪು ಹಲಗೆ

ಮರುದಿನ ಅಧ್ಯಕ್ಷರು “ಪ್ರೊಫೆಸರ್ ದಬ್ಬೆಗಾತ್ತಾ” ಎಂದು ಕರೆದಾಗ ನನ್ನ ಕ್ರೋಷಾ ಕಡ್ಡಿ ಕೆಳಗೆ ಬಿತ್ತು. ಕೆರೆ ಏರಿಯ ಮೇಲೆ ಬಸ್ಸಿಗೆ ಕಾಯುವ ಆ ಊರಿನ ಹೆಸರನ್ನು ಅಂಥ ಸಭೆಯಲ್ಲಿ ಕೇಳಿ ಕಡ್ಡಿ ಎತ್ತಿಕೊಳ್ಳುವುದನ್ನೂ ಮರೆತೆ. ಇವರು ಕೋಟು ಹಾಕಿಕೊಂಡೇ ಎದ್ದರು. “ನಾನು ಇದನ್ನು ತಡವಾಗಿ ತಂದಿದ್ದೇನೆ. ಮೊದಲು ಹೇಳಿದ ಗೌರವ ಮಾರ್ತಾ ಅವರದು. ನನ್ನ ದಾರಿ ಬೇರೆ, ಅದನ್ನು ಮಾತ್ರ ತೋರಿಸುತ್ತೇನೆ” ಎಂದು ಶುರು ಮಾಡಿದರು. ತರಗತಿಯಲ್ಲಿ ಹೇಗೋ ಹಾಗೇ, ಒಂದೊಂದೇ ಸಾಲು, ಹಿಂದಿನ ಬೆಂಚಿನವರಿಗೂ ಕಾಣುವ ಅಕ್ಷರ.

ಮುಗಿದಾಗ ಮುಂದಿನ ಸಾಲಿನ ಬಿಳಿಗಡ್ಡದ ಹಿರಿಯರೊಬ್ಬರು ಕೇಳಿದರು. “ನಿಮಗೆ ಬಂದ ಅಂಕಿ ಅವಳ ಅಂಕಿಯಲ್ಲ. ಗುರುತ್ವದ ಬಲವೂ ಬೇರೆ, ಅದರ ಜೊತೆಗೇ ನಿಲ್ಲಬೇಕಾದ, ಖಾಲಿ ಜಾಗಕ್ಕೇ ಇರುವ ಶಕ್ತಿಯ ಅಂಕಿಯೂ ಬೇರೆ. ಮತ್ತೆ ಇಬ್ಬರೂ ಒಂದೇ ಕಡೆ ನಿಂತಿರಿ ಎನ್ನುವುದು ಹೇಗೆ?”

ಇವರು ಹಲಗೆಯ ಕಡೆ ತಿರುಗಿ ತಮ್ಮ ಎರಡು ಅಂಕಿಗಳನ್ನು ದೊಡ್ಡದಾಗಿ ಬರೆದರು. ಆಗ ಮಾರ್ತಾ ಎದ್ದು ಹೋಗಿ ಇವರ ಎರಡು ಅಂಕಿಗಳ ಕೆಳಗೆ ತನ್ನ ಎರಡನ್ನು ಬರೆದಳು. ಸೀಮೆಸುಣ್ಣವನ್ನು ಇವರಿಗೇ ವಾಪಸು ಕೊಟ್ಟಳು. ಇವರು ತಮ್ಮವೆರಡನ್ನೂ ಒಂದಕ್ಕೊಂದು ಗುಣಿಸಿದರು. ಅವಳವೆರಡನ್ನೂ ಗುಣಿಸಿದರು. ಬಿಡಿಬಿಡಿಯಾಗಿ ಬೇರೆ ಬೇರೆಯಿದ್ದವು ಗುಣಿಸಿದಾಗ ಅಕ್ಕಪಕ್ಕದ ಮನೆಯವರ ಹಾಗೆ ಹತ್ತಿರ ಬಂದು ನಿಂತವು. ಕತ್ತರಿಗೆ ತಕ್ಕಂತೆ ಒಂದೊಂದೂ ಬದಲಾಗಬಹುದು, ಆದರೆ ಗುಣಲಬ್ಧ ಅಷ್ಟಾಗಿ ಬದಲಾಗಬಾರದಂತೆ. ಇದನ್ನು ಆಮೇಲೆ ಹೇಳಿಸಿಕೊಂಡೆ. ಆಗ ನನಗೆ ಕಂಡದ್ದಿಷ್ಟೇ: ಮುಂದಿನ ಸಾಲಿನವರೆಲ್ಲ ಒಟ್ಟಿಗೆ ಮುಂದಕ್ಕೆ ಬಾಗಿದರು.

“ಹತ್ತಿರ ಬರುವುದು ಸಾಬೀತಾಗುವುದಲ್ಲ” ಎಂದರು ಬಿಳಿಗಡ್ಡದವರು.

“ಅಲ್ಲ” ಎಂದರು ಇವರು. “ನಮ್ಮಲ್ಲಿ ಒಬ್ಬರು ಕೇಳಿದ್ದನ್ನು ಇನ್ನೊಬ್ಬರೂ ಕೇಳುತ್ತಾರೆ. ಒಡೆಯುವವರೆಗೆ ಅಷ್ಟೇ ಮಾಡಬಹುದು.”

ಹಿರಿಯರು ಗಡ್ಡ ತುರಿಸಿಕೊಂಡು, ಆ ನಾಲ್ಕು ಅಂಕಿಗಳನ್ನೂ ಬರೆದುಕೊಂಡರು. ಮಾರ್ತಾ ನನ್ನ ಕಡೆ ತಿರುಗಿ ಕೈಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

ಮನೆಯ ಮೆಟ್ಟಿಲು

ಹೊರಡುವ ಹಿಂದಿನ ದಿನ ಕಾಯಿ ಒಡೆಯೋಣವೆಂದೆ. ನೀವೆಸ್ ಒಪ್ಪಲಿಲ್ಲ. ಇಷ್ಟು ದಿನ ಅಲ್ಲಾಡಿಸಿದ್ದನ್ನು ಒಡೆಯಲು ಮನಸ್ಸಾದರೂ ಹೇಗೆ ಬರುತ್ತದೆ, ಜೀವವಿರುವವರೆಗೆ ಇಟ್ಟುಕೊಳ್ಳುತ್ತೇನೆ ಎಂದರು. ಆದ ಕಾಯಿಯನ್ನು ಇಟ್ಟುಕೊಂಡೇ ಇರಬಾರದು ಎಂದು ನಾನು ಹೇಳುತ್ತಿರುವಾಗ ಇವರು ಬಂದು, ಕಾಯಿ ತೆಗೆದುಕೊಂಡು, ಹೊರಗಿನ ಕಲ್ಲುಮೆಟ್ಟಿಲ ಅಂಚಿಗೆ ಕುಟ್ಟಿದರು. ಕರಟ ಬಾಯಿಬಿಟ್ಟಿತು. ಉಂಡೆ ಒಂದು ಚೂರೂ ಮುಕ್ಕಾಗದೆ ಅಂಗೈಗೆ ಬಂತು. ಬೀಳ್ಕೊಡಲು ಬಂದಿದ್ದ ಮಾರ್ತಾ ಚಪ್ಪಾಳೆ ತಟ್ಟಿದಳು. ಬ್ರೆಡ್ಡಿನ ಚಾಕುವಿನಲ್ಲಿ ಹೋಳು ಮಾಡಿ, ಬೆಲ್ಲ ಸಿಗದೆ ಸಕ್ಕರೆಯೊಂದಿಗೆ, ಮೆಟ್ಟಿಲ ಮೇಲೆ ಕೂತು ತಿಂದೆವು.

ಇವರು ತಮ್ಮ ಹೋಳನ್ನು ಮೂಸಿ ನೋಡಿದರು. ನಿಧಾನವಾಗಿ ಅಗಿದರು.

“ಇನ್ನೊಂದು ಮಳೆಗಾಲ ಬಿಟ್ಟಿದ್ರೆ ಕಮಟು ಹೊಡ್ದಿರೋದು ಕಣೇ.”

ಏನೆಂದರು ಎಂದು ಮಾರ್ತಾ ಕೇಳಿದಳು. ಬಹಳ ದಿನ ಇಟ್ಟರೆ ಎಣ್ಣೆ ಕೆಟ್ಟು ವಾಸನೆ ಬರುತ್ತದೆ ಎಂದು ಹೇಳಿದೆ. ಅವಳು ಅಗಿಯುವುದನ್ನು ನಿಲ್ಲಿಸಿ ಇವರ ಮುಖ ನೋಡಿದಳು. ಆಮೇಲೆ ತನ್ನ ವಿಳಾಸದ ಚೀಟಿಯನ್ನು ತೆಗೆದು, ರಹಮತ್ ಸಾಬರ ಕೋಟಿನ ಮೇಲ್ಜೇಬಿಗೆ ತಾನೇ ಹಾಕಿ ತಟ್ಟಿದಳು. “ಎಲ್ಲ ಹಾಳೆಗಳೂ ಬೇಕು. ಇಬ್ಬರ ಹೆಸರಿನಲ್ಲಿ ಬರೆಯೋಣ.”

ಮತ್ತೆ ತಿಪಟೂರು

ಮನೆಗೆ ಬಂದಾಗ ಅತ್ತೆ ಜಗುಲಿಯಲ್ಲಿದ್ದರು. ಇಟಲಿ ಹೇಗಿತ್ತು ಎಂದು ಕೇಳಲಿಲ್ಲ.

“ಕಾಯಿ ಹೆಂಗಿತ್ತಂತೆ?”

“ಚೆನ್ನಾಗಿತ್ತಂತೆ ಅತ್ತೆ.”

“ನಾವಿಬ್ರೂ ಕೇಳಿ ಕಳಿಸಿದ್ದಲ್ವಾ” ಎಂದರು.

ಇವರು ಕೈಕಾಲು ಕೂಡ ತೊಳೆಯದೆ ಒಳಗೆ ಹೋದರು. “ವಿಮಲಾ, ಏಣಿ ಹಿಡ್ಕೊ” ಎಂದು ದನಿ ಬಂತು. ಹೋಗಿ ಹಿಡಿದೆ. ಅಟ್ಟದ ಕತ್ತಲಲ್ಲಿ ಕಾಯಿಗಳು ಉರುಳಿದ ಸದ್ದು, ಎರಡು ಸೀನು, ಧೂಳು. ಆಮೇಲೆ ಪಂಚೆಯ ಗಂಟು ಹಿಡಿದು ಇವರ ಕೈ ಕಾಣಿಸಿತು.

“ಏನ್ಲಾ ಅದು ಇಳುಸ್ತಿರೋದು? ಆಗೈತಾ ನೋಡ್ದಾ?” ಎಂದರು ಅತ್ತೆ ಕೆಳಗಿನಿಂದ.

ಇವರು ಏಣಿಯ ತುದಿಯಲ್ಲಿ ಕೂತು, ಗಂಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಆಮೇಲೆ ಬಗ್ಗಿ ನನಗೆ ಕೊಟ್ಟರು.

“ನೀನೂ ಒಂದ್ಸಲಿ ಕೇಳು.”

ಒಂದು ಕೈಯಲ್ಲಿ ಏಣಿ ಹಿಡಿದೇ ಇನ್ನೊಂದು ಕೈಯಲ್ಲಿ ಗಂಟನ್ನು ಕಿವಿಗೆ ಹಿಡಿದೆ. ಹಾಳೆಗಳು ಸರಸರ ಎಂದವು.

“ನೀರಿನ ಸದ್ದಿಲ್ಲ ಕಣ್ರೀ” ಎಂದೆ. “ಇಳೀರಿ.”